ಚೆಂಗ್ಡುವಿನ ಪಾತ್ರೆಯಲ್ಲಿ ಜುಮ್ಮನಕಾಯಿಯ ನೆಂಟ

ಪತ್ರ: ಮಗಳನ್ನು ನೋಡಲು ಚೀನಾದ ಚೆಂಗ್ಡುವಿಗೆ ಹೋಗಿದ್ದೆ. ಒಂದು ರಾತ್ರಿ ಮೀನಿನ ಹಾಟ್‌ಪಾಟ್ (ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟ) ಹೋಟೆಲಿಗೆ ಕರೆದೊಯ್ದರು. ತೊಟ್ಟಿಯಿಂದ ಜೀವಂತ ಮೀನು ಎತ್ತಿ, ನಮ್ಮೆದುರೇ ತೂಗಿ, ಹೆಚ್ಚಿ ತಂದರು. ಎರಡು ತುಂಡು ತಿನ್ನುವಷ್ಟರಲ್ಲಿ ನನ್ನ ತುಟಿ, ನಾಲಿಗೆ ಮರಗಟ್ಟಿದವು. ಮೀನು ಕೆಟ್ಟಿರಬೇಕೆಂದು ಹೆದರಿ ಬಟ್ಟಲು ಸರಿಸಿದೆ. ಎಲ್ಲರೂ ಒಂದೇ ಪಾತ್ರೆಗೆ ಕಡ್ಡಿ ಅದ್ದಿ ತಿನ್ನುವುದೂ ಸರಿಬರಲಿಲ್ಲ. ಮತ್ತೆ ಕರೆದರೆ ಹೋಗಲೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಖಂಡಿತ ಹೋಗಿ ಅಮ್ಮ. ಕಣ್ಣೆದುರು ಮಿಸುಕಾಡುತ್ತಿದ್ದ ಮೀನು ಅಷ್ಟು ಹೊತ್ತಿನಲ್ಲಿ ಕೆಡುವುದಿಲ್ಲ. ನಿಮ್ಮ ನಾಲಿಗೆಯನ್ನು ಜುಮ್ಮೆನ್ನಿಸಿದ್ದು ಹ್ವಾಜಿಯಾವ್ ಎಂಬ ಅಲ್ಲಿಯ ಮಸಾಲೆ ಕಾಯಿ. ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ, ಇದೇ ಕುಲದ್ದು. ಕಪ್ಪು ಬೀಜ ಎಸೆದು ಸಿಪ್ಪೆಯನ್ನಷ್ಟೇ ಬಳಸುವ ಪದ್ಧತಿಯೂ ಎರಡು ಕಡೆ ಒಂದೇ. ನಮ್ಮವರು ಪರಿಮಳಕ್ಕೆಂದು ನಾಲ್ಕಾರು ಕಾಯಿ ಜಜ್ಜಿ ಹಾಕಿದರೆ, ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದವರು ಹಿಡಿಗಟ್ಟಲೆ ಸುರಿಯುತ್ತಾರೆ. ಖಾರಕ್ಕೆ ಅವರು ‘ಲಾ’ ಎನ್ನುತ್ತಾರೆ, ಈ ಜುಮ್ಮಿಗೆ ‘ಮಾ’ ಎಂಬ ಬೇರೆಯೇ ಹೆಸರು. ಲಂಡನ್ನಿನ ವಿಜ್ಞಾನಿಗಳು 2013ರಲ್ಲಿ ಹ್ವಾಜಿಯಾವನ್ನು ಜನರ ತುಟಿಗೆ ಸವರಿ ನೋಡಿದಾಗ, ಸೆಕೆಂಡಿಗೆ ಸುಮಾರು 50 ಸಲ ತುಟಿ ಅದುರಿದಂಥ ಅನುಭವವಾಗುತ್ತದೆಂದು ಕಂಡುಕೊಂಡರು. ಅದುರುವುದು ತುಟಿಯಲ್ಲ, ಸ್ಪರ್ಶದ ನರಗಳು ಕೆರಳಿ ಹಾಗೆನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ.

ಮುಂದಿನ ಸಲ ನಡುವೆ ತಡೆಯಿರುವ ಯುವಾನ್‌ಯಾಂಗ್ ಪಾತ್ರೆ ಕೇಳಿ. ಒಂದು ಪಾಲಿನಲ್ಲಿ ಕೆಂಪು ಸಾರು, ಇನ್ನೊಂದರಲ್ಲಿ ಖಾರವಿಲ್ಲದ ಬಿಳಿ ಸಾರು. ದನದ ಮಾಂಸ ತಿನ್ನದವರು ಒಂದು ವಿಷಯ ತಿಳಿದಿರಬೇಕು: ಅಲ್ಲಿಯ ಕೆಂಪು ಸಾರನ್ನು ಹೆಚ್ಚಾಗಿ ದನದ ಕೊಬ್ಬಿನಲ್ಲೇ ಕಾಯಿಸುತ್ತಾರೆ. ‘ಚಿಂಗ್‌ಯೌ’ ಎಂದು ಕೇಳಿದರೆ ಸಸ್ಯದ ಎಣ್ಣೆಯದು ಸಿಗುತ್ತದೆ. ಇದನ್ನು ಮಗಳ ಬಾಯಿಂದಲೇ, ಒಲೆ ಹಚ್ಚುವ ಮೊದಲೇ ಹೇಳಿಸಿ.

ತಲೆ, ಮುಳ್ಳು ಮೊದಲು ಕುದಿಯಲಿ, ಸಾರಿಗೆ ರುಚಿ ಬರುವುದು ಅದರಿಂದ. ಪಿಷ್ಟ ಸವರಿದ ತೆಳ್ಳನೆಯ ಹೋಳುಗಳನ್ನು ಕೊನೆಗೆ ಬಿಡಿ. ಗಾಜಿನಂತಿದ್ದ ಹೋಳು ಅಂಚಿನಿಂದ ಬೆಳ್ಳಗಾಗುತ್ತಾ ಬಂದು ನಡುವೆಯೂ ಬಿಳಿಯಾಯಿತೆಂದರೆ ತೆಗೆಯುವ ಹೊತ್ತು. ತಡವಾದರೆ ಪುಡಿಯಾಗಿ ಸಾರಿನಲ್ಲಿ ಕರಗುತ್ತದೆ. ಹುಲ್ಲುಗೆಂಡೆ ಎಂಬ ಸಿಹಿನೀರಿನ ಮೀನಾದರೆ ಸಣ್ಣ ಮುಳ್ಳು ವಿಪರೀತ. ಕಡಲ ಮೀನು ತಿಂದು ಬೆಳೆದವರು ನಿಧಾನವಾಗಿಯೇ ತಿನ್ನಬೇಕು.

ಎಂಜಲಿನ ವಿಚಾರದಲ್ಲಿ ನಿಮ್ಮ ಸಂಕೋಚ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಬಡಿಸುವ ಸೌಟು ತಟ್ಟೆಗೆ ತಗುಲಿದರೂ ಗದರಿಸಿಕೊಂಡು ಬೆಳೆದವರು ನಾವು. ಅಲ್ಲಿಯೂ ‘ಗೊಂಗ್‌ಕ್ವಾಯ್’ ಎಂಬ ಬಡಿಸುವ ಕಡ್ಡಿ ಬೇರೆಯೇ ಇದೆ. 2020ರಲ್ಲಿ ಕೋವಿಡ್ ಬಂದ ಮೇಲೆ ಅದನ್ನೇ ಬಳಸಿರೆಂದು ಚೀನಾದ ಅನೇಕ ನಗರಗಳಲ್ಲಿ ಪ್ರಚಾರ ನಡೆಯಿತು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಮಾತು. ಜುಮ್ಮನಕಾಯಿ ಸಿಗುವುದಿಲ್ಲವೆಂದು ಮಗಳ ಮನೆಯಲ್ಲಿ ಮೀನು ಸಾರು ಮಾಡದೆ ಬರಬೇಡಿ. ಹ್ವಾಜಿಯಾವ್ ಅಲ್ಲಿ ಮೂಲೆಯಂಗಡಿಯಲ್ಲೂ ಸಿಗುತ್ತದೆ. ಮೊದಲ ಸಲ ಎರಡು ಕಾಯಿ ಕಡಿಮೆಯೇ ಹಾಕಿ.