ಅಲಾಸ್ಕಾ ಕ್ರೂಸ್: ಏಳು ರಾತ್ರಿ ಸಾಕಾ, ಹದಿಮೂರು ದಿನ ಬೇಕಾ?

ಇದು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದ ಗಂಡ-ಹೆಂಡತಿ ಜಗಳದ ಪ್ರಕರಣ. ಜಗಳದ ವಿಷಯ ಮಾತ್ರ ಅಪರೂಪದ್ದು: ಅಲಾಸ್ಕಾ ಕ್ರೂಸ್ ಎಷ್ಟು ದಿನದ್ದಿರಬೇಕು ಅಂತ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಕೆಲಸದಲ್ಲಿರುವವರು. ಗ್ರೀನ್ ಕಾರ್ಡ್ ಇದೆ. ನಾಲ್ಕು ವರ್ಷದ ಮಗಳಿದ್ದಾಳೆ. ಗಂಡನ ಅಪ್ಪ-ಅಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು, ಆರು ತಿಂಗಳಿಗೆಂದು ಬಂದಿದ್ದರು. ಹೆಂಡತಿಯ ತವರು ಹುಬ್ಬಳ್ಳಿ. ವಿಡಿಯೋ ಕರೆಯಲ್ಲಿ ನನ್ನೆದುರು ಕೂತಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೆಲವು ವಾರಗಳಿಂದ ಮನೆಯಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲವಂತೆ.

ಗಂಡ ಹೇಳಿದ್ದು ಇಷ್ಟು: "ಅಪ್ಪನಿಗೆ 71 ಆಯ್ತು. ಇನ್ನೊಂದು ಸಲ ಇಷ್ಟು ದೂರ ಬರ್ತಾರೋ ಇಲ್ವೋ. ಹೋಗೋದೇ ಆದ್ರೆ ಪೂರ್ತಿ ತೋರಿಸ್ಬೇಕು." ಅವರು ಆರಿಸಿಕೊಂಡಿದ್ದು 13 ದಿನದ ಕ್ರೂಸ್-ಟೂರ್. ಏಳು ರಾತ್ರಿ ಹಡಗು, ಆಮೇಲೆ ರೈಲು-ಬಸ್ಸಿನಲ್ಲಿ ಅಲಾಸ್ಕಾದ ಒಳನಾಡಿನ ದೆನಾಲಿ ರಾಷ್ಟ್ರೀಯ ಉದ್ಯಾನ ಮತ್ತು ಫೇರ್‌ಬ್ಯಾಂಕ್ಸ್ ಊರು.

ಹೆಂಡತಿಯದು ಇನ್ನೊಂದು ತುದಿ. "ಐದು ರಾತ್ರಿಯದು ಇದೆ. ದುಡ್ಡೂ ಕಡಿಮೆ. ಸಾಕಲ್ವಾ?" ಈ ಮಧ್ಯೆ ಸ್ನೇಹಿತರೊಬ್ಬರು ಮೂರನೆಯ ದಾರಿ ಹೇಳಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ಹೊರಟು ಅಲ್ಲಿಗೇ ವಾಪಸ್ ಬರುವ 10 ರಾತ್ರಿಯ ಹಡಗು. ವಿಮಾನದ ತಾಪತ್ರಯವೇ ಇಲ್ಲ. ಅದು ಇಬ್ಬರಿಗೂ ಹಿಡಿಸಿರಲಿಲ್ಲ. ಅವನಿಗೆ ಕಡಿಮೆ ಅನಿಸಿತ್ತು, ಅವಳಿಗೆ ಜಾಸ್ತಿ.

ಆಪ್ತಸಲಹೆಗಾರ್ತಿಗೆ ಪ್ರವಾಸದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಜಗಳ ಯಾವುದರ ಮೇಲಿದೆಯೋ ಅದರ ವಿವರ ತಿಳಿಯದೆ "ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಿ" ಅಂದರೆ ಯಾರಿಗೂ ಉಪಯೋಗವಿಲ್ಲ. ಹಾಗಾಗಿ ಮೊದಲು ನಕ್ಷೆ ತೆರೆಯಿರಿ ಅಂದೆ.

ನಕ್ಷೆ ನೋಡಿದರೆ ಒಂದು ವಿಷಯ ತಕ್ಷಣ ಕಾಣುತ್ತದೆ. ಅಲಾಸ್ಕಾ ದೂರ. ಅಮೆರಿಕದ ಸಿಯಾಟಲ್ ಬಂದರಿನಿಂದ ಭಾನುವಾರ ಸಂಜೆ ಹೊರಟ ಹಡಗು ಸೋಮವಾರವಿಡೀ ಸಮುದ್ರದಲ್ಲೇ ಇರುತ್ತದೆ. ಅಲಾಸ್ಕಾದ ಮೊದಲ ಊರು ಸಿಗುವುದು ಮಂಗಳವಾರ. ವಾಪಸ್ ಬರುವಾಗಲೂ ಅಷ್ಟೇ ಹೊತ್ತು. ಹೋಗಿಬರುವ ಈ ಸಮಯದ ಖರ್ಚು ಅಲ್ಲಿಂದ ಹೊರಡುವ ಎಲ್ಲ ಹಡಗಿಗೂ ಒಂದೇ. ಐದು ರಾತ್ರಿಯ ಹಡಗಿನಲ್ಲಿ ಅದನ್ನು ಕಳೆದರೆ ಉಳಿಯುವುದು ಅಲಾಸ್ಕಾದ ಒಂದೋ ಎರಡೋ ಊರು. ಹಿಮನದಿ ಬಹುಪಾಲು ಕೈತಪ್ಪುತ್ತದೆ. ಹಡಗಿನ ಊಟ-ಆಟವೇ ಮುಖ್ಯ ಅನ್ನುವವರಿಗೆ ಅದು ಸರಿ. ಅಲಾಸ್ಕಾ ನೋಡಬೇಕು ಅನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಏಳು ರಾತ್ರಿಯದರಲ್ಲಿ ಸಾಮಾನ್ಯವಾಗಿ ಜೂನೋ, ಸ್ಕ್ಯಾಗ್ವೇ, ಕೆಚಿಕನ್ ಸಿಗುತ್ತವೆ. ಒಂದು ದಿನ ಪೂರ್ತಿ ಹಿಮನದಿಯ ಮುಂದೆ. ಜೂನೋ ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗಿನಲ್ಲೋ ವಿಮಾನದಲ್ಲೋ ಹೋಗಬೇಕು. ಊರಿಂದ ಸ್ವಲ್ಪ ದೂರದಲ್ಲೇ ಮೆಂಡೆನ್‌ಹಾಲ್ ಹಿಮನದಿ. ಬೇಸಿಗೆಯಲ್ಲಿ ಅಲ್ಲಿನ ನೀರಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬರುತ್ತವೆ. ಇವುಗಳಲ್ಲಿ ಬಹಳಷ್ಟು ಚಳಿಗಾಲ ಕಳೆಯುವುದು ಹವಾಯಿಯಲ್ಲಿ.

ಇನ್ನು ಸ್ನೇಹಿತರು ಹೇಳಿದ 10 ರಾತ್ರಿ. ಕೇಳುವುದಕ್ಕೆ ಏಳಕ್ಕಿಂತ ಮೂರು ದಿನ ಜಾಸ್ತಿ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೋಗುವಾಗ ಸುಮಾರು ಎರಡು ದಿನ ಪೂರ್ತಿ ಸಮುದ್ರ, ಬರುವಾಗಲೂ ಹಾಗೇ. ಆ ಮೂರು ದಿನದಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾ-ಒರೆಗಾನ್ ಕರಾವಳಿಗೇ ಹೋಗುತ್ತದೆ. ಊರುಗಳು ಹೆಚ್ಚುಕಡಿಮೆ ಅವೇ. ಅಲ್ಲಿನದು ತೆರೆದ ಪೆಸಿಫಿಕ್, ಹಡಗು ತೂಗಾಡುವ ಸಾಧ್ಯತೆಯೂ ಜಾಸ್ತಿ. ಇದನ್ನು ಹೇಳಿದಾಗ ಗಂಡ ಮೊದಲ ಬಾರಿ ಪೆನ್ನು ಹಿಡಿದು ಬರೆದುಕೊಂಡರು. ಅಲ್ಲಿಯವರೆಗೆ ಇಬ್ಬರೂ ರಾತ್ರಿಗಳನ್ನು ಎಣಿಸುತ್ತಿದ್ದರು. ಅಲಾಸ್ಕಾದ ನೆಲದ ಮೇಲೆ ಎಷ್ಟು ತಾಸು ಸಿಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಮುಂದಿನ ಭೇಟಿಗೆ ಹಿರಿಯರನ್ನೂ ಕೂರಿಸಿ ಅಂದೆ. ಅವರಿಗಾಗಿಯೇ ಜಗಳ, ಅವರನ್ನು ಮಾತ್ರ ಯಾರೂ ಕೇಳಿಲ್ಲ. ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ ಬಿಡಿ.

ಅಮ್ಮನಿಗೆ ಮೊಣಕಾಲು ನೋವು, ಬಿಪಿ. ಹಡಗು ಮುಳುಗುತ್ತದೆ ಅನ್ನುವ ಭಯ ಅವರಿಗೆ ಇರಲಿಲ್ಲ. ಅವರು ಕೇಳಿದ್ದು ಒಂದೇ: "ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟಬೇಕಾ?"

ಅದೇ ಪ್ರಶ್ನೆಯಲ್ಲಿ ಅರ್ಧ ಉತ್ತರ ಇತ್ತು. ಹಡಗಿನಲ್ಲಿ ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಇಳಿಯುವವರೆಗೆ ಕಟ್ಟಬೇಕಾಗಿಲ್ಲ. ಕ್ರೂಸ್-ಟೂರ್‌ನ ನೆಲದ ಭಾಗ ಹಾಗಲ್ಲ. ಒಂದೋ ಎರಡೋ ರಾತ್ರಿಗೊಮ್ಮೆ ಹೋಟೆಲ್ ಬದಲಾಗುತ್ತದೆ. ಆಂಕರೇಜ್‌ನಿಂದ ದೆನಾಲಿಗೆ ರೈಲಿನಲ್ಲಿ ಏಳು ತಾಸಿಗೂ ಜಾಸ್ತಿ ಕೂರಬೇಕು. ಉದ್ಯಾನದ ಒಳಗೆ ಬಸ್ಸಿನಲ್ಲಿ ಮತ್ತೆ ಗಂಟೆಗಟ್ಟಲೆ. 2021ರಲ್ಲಿ ಭೂಕುಸಿತದಿಂದ ಉದ್ಯಾನದ ರಸ್ತೆ ನಡುವೆಯೇ ಮುಚ್ಚಿತು. ಹಾಗಾಗಿ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಅಂತ ಕೇಳಿಯೇ ದುಡ್ಡು ಕಟ್ಟಬೇಕು. ಇಷ್ಟೆಲ್ಲ ಮಾಡಿ ಹೋದರೂ 6,190 ಮೀಟರ್ ಎತ್ತರದ ದೆನಾಲಿ ಶಿಖರ ಬೇಸಿಗೆಯ ಬಹಳಷ್ಟು ದಿನ ಮೋಡದ ಹಿಂದೆಯೇ ಇರುತ್ತದೆ. ನಡೆಯಲು ಇಷ್ಟಪಡುವ, ಕರಡಿ-ಕಾಡುಕುರಿ ಹುಡುಕುತ್ತ ಕೂರುವ ತಾಳ್ಮೆ ಇರುವ, ರಜೆಯ ಚಿಂತೆ ಇಲ್ಲದ ಇಬ್ಬರಿಗೆ ನಾನೇ 13 ದಿನ ಹೋಗಿ ಅನ್ನುತ್ತೇನೆ. ನೋಯುವ ಮೊಣಕಾಲು ಮತ್ತು ನಾಲ್ಕು ವರ್ಷದ ಮಗು ಜೊತೆಗಿದ್ದರೆ ಇಲ್ಲ.

ಅಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾದವರು. ನೋಡಬೇಕು ಅಂತ ಇರುವುದು ಏನು ಅಂದರೆ ಮೊದಲು "ಮಗ ಹೇಗೆ ಹೇಳ್ತಾನೋ ಹಾಗೆ" ಅಂದರು. ಎರಡನೇ ಸಲ ಕೇಳಿದಾಗ ಬಾಯಿ ಬಿಟ್ಟರು. ಸ್ಕ್ಯಾಗ್ವೇಯಲ್ಲಿ ಹಳೇ ರೈಲು ಇದೆಯಂತಲ್ಲ, ಅದು. ಮೊಮ್ಮಗಳ ಐಪ್ಯಾಡ್‌ನಲ್ಲಿ ನೋಡಿದ್ದರಂತೆ. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಲ್ಲಿ ಕಟ್ಟಲು ಶುರುಮಾಡಿ 1900ರಲ್ಲಿ ಕಟ್ಟಿ ಮುಗಿಸಿದ ವೈಟ್ ಪಾಸ್ ರೈಲು ಅದು. ಹಳಿಯ ಅಗಲ ಬರೀ ಮೂರು ಅಡಿ. "ನಮ್ಮ ತಾಳಗುಪ್ಪ ಲೈನ್ ಮೀಟರ್ ಗೇಜ್ ಇದ್ದಾಗಲೂ ಇದಕ್ಕಿಂತ ಅಗಲ ಇತ್ತು" ಅಂತ ನನಗೇ ಪಾಠ ಮಾಡಿದರು. ಸಮುದ್ರಮಟ್ಟದಿಂದ 32 ಕಿಲೋಮೀಟರ್‌ನಲ್ಲಿ ಸುಮಾರು 870 ಮೀಟರ್ ಮೇಲೆ ಹತ್ತುತ್ತದೆ. ಹೋಗಿಬರಲು ಮೂರು ತಾಸಿನೊಳಗೆ. ಹಡಗುಕಟ್ಟೆಯ ಹತ್ತಿರವೇ ಹತ್ತಬಹುದು. ಅಪ್ಪನಿಗೆ ಬೇಕಾದದ್ದು ಏಳು ರಾತ್ರಿಯ ಒಳಗೇ ಇತ್ತು.

ಆಮೇಲೆ ಹೆಂಡತಿಯ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ದುಡ್ಡಿನ ಮಾತು ಐದು ನಿಮಿಷದಲ್ಲಿ ಮುಗಿಯಿತು. ಅವಳಿಗೆ ವರ್ಷಕ್ಕೆ ಇರುವುದು 15 ದಿನ ರಜೆ. 13 ದಿನದ ಪ್ರವಾಸ ಅಂದರೆ ಒಂಬತ್ತೋ ಹತ್ತೋ ಕೆಲಸದ ದಿನ ಹೋಯಿತು. ಉಳಿದದ್ದರಲ್ಲಿ ಹುಬ್ಬಳ್ಳಿಗೆ ಹೋಗಿಬರಲಾಗುವುದಿಲ್ಲ. ಎರಡು ವರ್ಷದಿಂದ ತವರಿಗೆ ಹೋಗಿಲ್ಲ. ಇದನ್ನು ಗಂಡನಿಗೆ ಹೇಳಿದ್ದೀರಾ ಅಂದರೆ ಇಲ್ಲ. "ಅತ್ತೆ-ಮಾವ ಇರುವಾಗ ತವರಿನ ಮಾತು ಎತ್ತಿದರೆ ಚೆನ್ನಾಗಿರಲ್ಲ" ಅಂದಳು. ಹಾಗಾಗಿ ಐದು ರಾತ್ರಿ ಸಾಕು, ಅಗ್ಗ, ಮಗುವಿಗೆ ಬೇಜಾರಾಗುತ್ತೆ ಅಂತ ಬೇರೆ ಬೇರೆ ಕಾರಣ ಕೊಡುತ್ತಿದ್ದಳು. ಗಂಡನಿಗೆ ಅದು ತನ್ನ ಅಪ್ಪ-ಅಮ್ಮನ ಮೇಲಿನ ಅಸಡ್ಡೆಯಾಗಿ ಕೇಳಿಸುತ್ತಿತ್ತು.

ಗಂಡನದ್ದೂ ಒಂದು ಲೆಕ್ಕ ಇತ್ತು. 2021ರಲ್ಲಿ ಅವರ ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲಾಗಿರಲಿಲ್ಲ. ಆಗಿನಿಂದ ಅಪ್ಪ-ಅಮ್ಮನ ವಿಷಯ ಬಂದರೆ ಅವರಿಗೆ ಯಾವುದೂ ಸಾಲದು. ದೊಡ್ಡ ಟಿವಿ, ದೊಡ್ಡ ಕಾರು, ಉದ್ದದ ಪ್ರವಾಸ. ನಾನು ನೇರವಾಗಿಯೇ ಹೇಳಿದೆ: ಅಲಾಸ್ಕಾಗೆ ಆರು ದಿನ ಜಾಸ್ತಿ ಸೇರಿಸಿದರೆ ಆ ನೋವು ಆರು ದಿನದಷ್ಟು ಕಡಿಮೆ ಆಗುವುದಿಲ್ಲ. ಅದರ ಬಗ್ಗೆ ಅಪ್ಪನ ಹತ್ತಿರ ಒಮ್ಮೆ ಮಾತಾಡಬೇಕು. ಅದಕ್ಕೆ ಹಡಗು ಬೇಕಿಲ್ಲ. ಅವರು ಸ್ವಲ್ಪ ಸಿಟ್ಟಾದರು. ಆದರೆ ಮಾತಾಡಿದರು ಅಂತ ಆಮೇಲೆ ಗೊತ್ತಾಯಿತು.

ಹೆಂಡತಿಯ ಒಪ್ಪಿಗೆ ಪಡೆದು ಹುಬ್ಬಳ್ಳಿಯ ವಿಷಯವನ್ನು ಜಂಟಿ ಭೇಟಿಯಲ್ಲಿ ಅವಳ ಬಾಯಿಂದಲೇ ಹೇಳಿಸಿದೆ. ಆಮೇಲೆ ಕ್ಯಾಲೆಂಡರ್ ತೆಗೆಸಿದೆ. ಶನಿವಾರ ಸಿಯಾಟಲ್‌ಗೆ ವಿಮಾನ, ಭಾನುವಾರ ಹಡಗು, ಮುಂದಿನ ಭಾನುವಾರ ಬೆಳಿಗ್ಗೆ ಇಳಿದು ಸಂಜೆಗೆ ಮನೆ. ರಜೆ ಐದೇ ದಿನ. ಉಳಿಯುವುದು ಹತ್ತು. ಹಿಂದೆ-ಮುಂದೆ ಶನಿವಾರ-ಭಾನುವಾರ ಸೇರಿಸಿದರೆ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಗೆ 16 ದಿನ. ಹಡಗಿನ ಬುಕಿಂಗ್ ಮಾಡುವ ದಿನವೇ ಹುಬ್ಬಳ್ಳಿಯ ಟಿಕೆಟ್ಟೂ ಆಗಬೇಕು ಅಂತ ಷರತ್ತು ಹಾಕಿದೆ. "ಆಮೇಲೆ ನೋಡೋಣ" ಅಂತ ಬಿಟ್ಟರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು.

ಕೊನೆಗೆ ಬರೆದುಕೊಟ್ಟ ಸಲಹೆಯ ಮುಖ್ಯ ಅಂಶಗಳಿವು.

ಏಳು ರಾತ್ರಿ, ಹೊರಟ ಊರಿಗೇ ವಾಪಸ್ ಬರುವಂಥದ್ದು. ಕೆನಡಾದ ವ್ಯಾಂಕೂವರ್‌ನಿಂದ ಅಲಾಸ್ಕಾದ ವಿಟ್ಟಿಯರ್ ಅಥವಾ ಸೀವರ್ಡ್‌ಗೆ ಒಂದೇ ದಿಕ್ಕಿನ ಏಳು ರಾತ್ರಿಯ ಹಡಗುಗಳೂ ಇವೆ. ಹಿಮನದಿಗಳು ಹೆಚ್ಚು ಕಾಣುತ್ತವೆ, ನಿಜ. ಆದರೆ ಇಳಿದ ಮೇಲೆ ಆಂಕರೇಜ್‌ಗೆ ಬಂದು, ವಿಮಾನ ಹಿಡಿದು ಮನೆ ಸೇರುವಷ್ಟರಲ್ಲಿ ಮಗುವೂ ಅಜ್ಜಿಯೂ ಸುಸ್ತಾಗುತ್ತಾರೆ.

ದುಡ್ಡು ಕಟ್ಟುವ ಮುಂಚೆ ಹಿರಿಯರಿಗೆ ಕೆನಡಾ ವೀಸಾ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವುದಕ್ಕೆ ಕೆನಡಾ ವೀಸಾ ಯಾಕೆ ಅಂತ ಗಂಡ ಕೇಳಿದರು. ಕಾರಣ 1886ರ ಒಂದು ಅಮೆರಿಕನ್ ಕಾನೂನು. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ವಾಪಸಾಗುವುದಾದರೆ ನಡುವೆ ಒಂದು ವಿದೇಶಿ ಬಂದರಿಗೆ ಹೋಗಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ವಿದೇಶಿ ಬಾವುಟದವು. ಅದಕ್ಕೇ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್‌ನಲ್ಲಿ ಅಮೆರಿಕಕ್ಕೆ ಪ್ರವಾಸಿಯಾಗಿ ಬಂದವರಿಗೆ ಕೆನಡಾ ವೀಸಾ ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು. ಎಷ್ಟು ದಿನದ ಹಡಗು ಅಂತ ಚರ್ಚೆ ಮಾಡಿ ಈ ವಿಷಯ ಮರೆತವರು ಬಂದರಿನಿಂದಲೇ ಮನೆಗೆ ಬರಬೇಕಾಗುತ್ತದೆ.

ಬುಕ್ ಮಾಡುವಾಗ ಊರುಗಳ ಸಂಖ್ಯೆ ನೋಡಬೇಡಿ, ಪ್ರತಿ ಊರಿನಲ್ಲಿ ನಿಲ್ಲುವ ಹೊತ್ತು ನೋಡಿ. ಸ್ಕ್ಯಾಗ್ವೇಯಲ್ಲಿ ಇಡೀ ದಿನ ಸಿಗಬೇಕು. ಹಿಮನದಿ ಯಾವುದು ಅಂತಲೂ ಕೇಳಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ, ಎಲ್ಲ ಹಡಗಿಗೂ ಸಿಗುವುದಿಲ್ಲ.

ಸಿಯಾಟಲ್ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಿನ ತೆರೆದ ಸಮುದ್ರದಲ್ಲಿ ಹೋಗುತ್ತವೆ. ಕ್ಯಾಬಿನ್ ಕೆಳಗಿನ ಮಹಡಿಯಲ್ಲಿ, ಹಡಗಿನ ನಡುಭಾಗದಲ್ಲಿರಲಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ ಮಾತ್ರ ಬೇರೆ. ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾದರೆ ಅದರ ಖರ್ಚೂ ಸೇರಿರುವ ವಿಮೆ ಹಿರಿಯರಿಗೆ ಮಾಡಿಸಲೇಬೇಕು. ಟಿಪ್ಸ್ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಗುತ್ತದೆ. ಐದು ಜನಕ್ಕೆ ಅದು ಸಣ್ಣ ಮೊತ್ತವಲ್ಲ.

ಮೇ-ಜೂನ್‌ನಲ್ಲಿ ಮಳೆ ತುಸು ಕಡಿಮೆ. ಕೆಚಿಕನ್‌ನಲ್ಲಿ ವರ್ಷಕ್ಕೆ ಆಗುಂಬೆಯ ಸುಮಾರು ಅರ್ಧದಷ್ಟು ಮಳೆ ಬೀಳುತ್ತದೆ ಅಂದಾಗ ಅಮ್ಮ ನಕ್ಕರು. ಸಾಗರದವರಿಗೆ ಅದೇನು ದೊಡ್ಡದಲ್ಲ.

ಸಮುದ್ರದಲ್ಲೇ ಕಳೆಯುವ ದಿನ ಯಾರೂ ಯಾವ ಕಾರ್ಯಕ್ರಮವನ್ನೂ ಹಾಕಬಾರದು. ಮಗಳಿಗೆ ಮೂರು ವರ್ಷ ದಾಟಿದೆ, ಡೈಪರ್ ಬಿಟ್ಟಿದ್ದಾಳೆ, ಹಾಗಾಗಿ ಹಡಗಿನ ಮಕ್ಕಳ ಕ್ಲಬ್‌ಗೆ ಸೇರಿಸಿಕೊಳ್ಳುತ್ತಾರೆ. ಆ ಹೊತ್ತು ಹೆಂಡತಿಗೆ ನಿದ್ದೆ ಮಾಡಲು. ಇದನ್ನೂ ಬರವಣಿಗೆಯಲ್ಲೇ ಹಾಕಿದೆ, ಗಂಡನ ಸಹಿ ಹಾಕಿಸಿದೆ.

ಜೂನ್ ಮೊದಲ ಭಾಗಕ್ಕೆ ಏಳು ರಾತ್ರಿ ಬುಕ್ ಆಯಿತು. ಹುಬ್ಬಳ್ಳಿ ಟಿಕೆಟ್ಟೂ ಅದೇ ರಾತ್ರಿ ಆಯಿತು. ಹಿರಿಯರು ಕೆನಡಾ ವೀಸಾಕ್ಕೆ ಬೆರಳಚ್ಚು ಕೊಟ್ಟು ಬಂದಿದ್ದಾರೆ. ಗಂಡ ಇನ್ನೂ ದೆನಾಲಿ ಪೂರ್ತಿ ಬಿಟ್ಟಿರಲಿಲ್ಲ. "ಅಪ್ಪ, ನಾವಿಬ್ಬರೇ ಇನ್ನೊಂದು ಸಲ ನಾಲ್ಕು ದಿನಕ್ಕೆ ಹೋಗೋಣ್ವಾ?" ಅಂದರು. ಅಪ್ಪ "ಮೊದಲು ಆ ರೈಲು ನೋಡ್ತೀನಿ ಕಣೋ" ಅಂದರಂತೆ.

ಈಗ ಉಳಿದಿರುವುದು ಮೊಮ್ಮಗಳು ಯಾರ ಕ್ಯಾಬಿನ್‌ನಲ್ಲಿ ಮಲಗಬೇಕು ಅನ್ನುವ ತಕರಾರು. ಅದಕ್ಕೆ ನಾನು ಕೈಹಾಕಲಿಲ್ಲ. ಮಧ್ಯೆ ಬಾಗಿಲಿರುವ ಪಕ್ಕಪಕ್ಕದ ಎರಡು ಕ್ಯಾಬಿನ್ ಕೇಳಿ, ಅಂಥವು ಕಡಿಮೆ ಇರುತ್ತವೆ, ಬೇಗ ಫೋನ್ ಮಾಡಿ ಅಂದೆ.