ಒಂದು ‘ಎ’ ಬಿಟ್ಟರೆ ಅರ್ಥವೇ ಉಲ್ಟಾ

ಪ್ರಶ್ನೆ: ಒಂದು ವರದಿಯ ಬಗ್ಗೆ ನನಗೆ ಸ್ವಲ್ಪ ಅನುಮಾನ ಇತ್ತು. ಮೇಲಧಿಕಾರಿಗೆ ‘ಐ ಹ್ಯಾವ್ ಲಿಟಲ್ ಡೌಟ್ ಅಬೌಟ್ ದಿಸ್ ರಿಪೋರ್ಟ್’ ಎಂದು ಇಮೇಲ್ ಬರೆದೆ. ಅವರು ‘ಒಳ್ಳೆಯದು, ಹಾಗಾದರೆ ಕಳಿಸಿಬಿಡಿ’ ಎಂದರು! ಎಲ್ಲಿ ತಪ್ಪಿದೆ? ಫ್ಯೂ, ಲಿಟಲ್, ಬಿಟ್ ಇವನ್ನೆಲ್ಲ ಬರೆಯುವಾಗ ಹೇಗೆ ಬಳಸಬೇಕು?

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣ ಸರಿಯಾಗಿಯೇ ಇದೆ. ಅರ್ಥ ಮಾತ್ರ ತಿರುಗಿದೆ. ‘ಲಿಟಲ್ ಡೌಟ್’ ಅಂದರೆ ಅನುಮಾನ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಅಧಿಕಾರಿ ಅದನ್ನು ಸರಿಯಾಗಿಯೇ ಓದಿದ್ದಾರೆ.

ಎಲ್ಲ ಇರುವುದು ‘ಲಿಟಲ್’ಗೆ ಮೊದಲು ಬರುವ ಆ ಪುಟ್ಟ ‘ಎ’ಯಲ್ಲಿ. ‘ವಿ ಹ್ಯಾವ್ ಎ ಲಿಟಲ್ ಟೈಮ್’ ಅಂದರೆ ಸ್ವಲ್ಪ ಸಮಯ ಇದೆ, ಕೂತು ಮಾತಾಡಬಹುದು. ‘ವಿ ಹ್ಯಾವ್ ಲಿಟಲ್ ಟೈಮ್’ ಅಂದರೆ ಸಮಯ ತೀರಾ ಕಡಿಮೆ, ಬೇಗ ಹೊರಡಬೇಕು. ಫ್ಯೂ ಕೂಡ ಹೀಗೇ. ಕನ್ನಡದಲ್ಲಿ ಈ ಕೆಲಸವನ್ನು ‘ಏ’ ಮಾಡುತ್ತದೆ, ಗಮನಿಸಿದ್ದೀರಾ? ‘ಕೆಲವು ಜನ ಬಂದಿದ್ದರು’ ಅಂದರೆ ‘ಎ ಫ್ಯೂ’. ‘ಕೆಲವೇ ಜನ ಬಂದಿದ್ದರು’ ಅಂದರೆ ಬರೀ ‘ಫ್ಯೂ’. ನಾವು ಕೊರತೆ ತೋರಿಸಲು ‘ಏ’ ಸೇರಿಸುತ್ತೇವೆ, ಇಂಗ್ಲಿಷಿನವರು ‘ಎ’ ತೆಗೆಯುತ್ತಾರೆ. ಬಹುವಚನದ ಮುಂದೆ ‘ಎ’ ಯಾಕೆ ಅಂತ ಹೆದರಿ ಹಲವರು ಅದನ್ನು ಬಿಡುತ್ತಾರೆ. ‘ಎ ಫ್ಯೂ ಪೀಪಲ್’ ಸರಿಯೇ, ಧೈರ್ಯವಾಗಿ ಬರೆಯಿರಿ.

ಇನ್ನೊಂದು ತೊಡಕು ನಮ್ಮ ‘ಸ್ವಲ್ಪ’ದಿಂದ ಬರುತ್ತದೆ. ಸ್ವಲ್ಪ ನೀರು, ಸ್ವಲ್ಪ ಜನ, ಎರಡೂ ನಮಗೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಎಣಿಸಬಹುದಾದರೆ ಫ್ಯೂ, ಎಣಿಸಲಾಗದಿದ್ದರೆ ಲಿಟಲ್. ಅಡ್ವೈಸ್, ಇನ್ಫರ್ಮೇಶನ್ ಇವು ಎಣಿಸುವ ಪದಗಳಲ್ಲ. ಹಾಗಾಗಿ ‘ಎ ಫ್ಯೂ ಇನ್ಫರ್ಮೇಶನ್’ ತಪ್ಪು, ‘ಎ ಲಿಟಲ್ ಇನ್ಫರ್ಮೇಶನ್’ ಸರಿ.

‘ಎ ಬಿಟ್ ಆಫ್’ ಮಾತಿಗೆ, ಗೆಳೆಯರ ಪತ್ರಕ್ಕೆ ಚೆನ್ನ. ಅರ್ಜಿ, ವರದಿಗೆ ‘ಎ ಲಿಟಲ್’ ಅಥವಾ ‘ಸಮ್’ ಸಾಕು. ‘ಕ್ವೈಟ್ ಎ ಫ್ಯೂ’ ಮಾತ್ರ ಜೋಪಾನ. ಅದು ‘ಕೆಲವು’ ಅಲ್ಲ, ‘ಸಾಕಷ್ಟು ಜಾಸ್ತಿ’. ‘ಓನ್ಲಿ ಎ ಫ್ಯೂ’ ಅಂದರೆ ಮತ್ತೆ ‘ಕೆಲವೇ’.

ಈಗ ನಿಮ್ಮ ಇಮೇಲ್. ‘ಐ ಹ್ಯಾವ್ ಎ ಫ್ಯೂ ಡೌಟ್ಸ್’ ಎಂದು ತಿದ್ದಬಹುದು. ಆದರೆ ಡೌಟ್ ಅಂದರೆ ನಂಬಿಕೆ ಸಾಲದು ಅನ್ನುವ ಧ್ವನಿ ಇದೆ. ವರದಿಯಲ್ಲಿ ಕೇಳಿ ತಿಳಿಯಬೇಕಾದ ವಿಷಯಗಳಷ್ಟೇ ಇದ್ದರೆ ‘ಐ ಹ್ಯಾವ್ ಎ ಫ್ಯೂ ಕ್ವೆಶ್ಚನ್ಸ್ ಅಬೌಟ್ ದಿಸ್ ರಿಪೋರ್ಟ್’ ಎಂದು ಬರೆಯಿರಿ. ವರದಿ ಇನ್ನೂ ಹೋಗಿಲ್ಲದಿದ್ದರೆ ಈ ತಿದ್ದಿದ ಇಮೇಲನ್ನು ಇವತ್ತೇ ಕಳಿಸಿ.