ಇಂದಿರಮ್ಮನ ಕಾನೂನು ನಮ್ಮ ತೋಟಕ್ಕೆ ಅನ್ವಯಿಸುತ್ತಾ?

ಪ್ರಶ್ನೆ: ಕಾಫಿ ತೋಟದಲ್ಲಿ ಕೂಲಿ ಮಾಡುತ್ತೇನೆ. ಕಳೆ ತೆಗೆಯುವಾಗ ಗಂಡಸರಿಗೂ ನಮಗೂ ಕೆಲಸ ಒಂದೇ, ಹೊತ್ತೂ ಒಂದೇ. ಆದರೆ ಗಂಡಾಳಿಗೆ ಕೂಲಿ ಜಾಸ್ತಿ. ಸಮಾನ ಕೂಲಿಯ ಕಾನೂನು ತಂದಿದ್ದು ಇಂದಿರಮ್ಮ ಅಂತಾರೆ ನಮ್ಮತ್ತೆ. ನಿಜವಾ? ಇನ್ನೊಂದು ಮಾತು. ನನಗೆ ಇಬ್ಬರು ಮಕ್ಕಳು, ಅಷ್ಟೇ ಸಾಕು. ಆಪರೇಷನ್‌ಗೆ ಗಂಡನ ಸಹಿ ಬೇಕೇ ಬೇಕಾ?
– ತೋಟದ ಕಾರ್ಮಿಕ ಮಹಿಳೆ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮತ್ತೆ ಹೇಳಿದ್ದು ನಿಜ. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆ ಗೆದ್ದಿದ್ದು 1978ರಲ್ಲಿ. ಅದಕ್ಕೆ ಮುಂಚೆ, ಅವರು ಪ್ರಧಾನಿಯಾಗಿದ್ದಾಗ 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾಯ್ದೆಯೂ ಅವರ ಕಾಲದ್ದೇ. ಆದರೆ ತುರ್ತು ಪರಿಸ್ಥಿತಿಯಲ್ಲಿ ಜನರನ್ನು ಹಿಡಿದು ಬಲವಂತವಾಗಿ ಸಂತಾನಹರಣ ಆಪರೇಷನ್ ಮಾಡಿಸಿದ್ದೂ ಅವರ ಸರ್ಕಾರವೇ. ಎರಡನ್ನೂ ನೆನಪಿಡಬೇಕು ಅಂತ ನನ್ನ ಅನಿಸಿಕೆ. ಮಕ್ಕಳು ಬೇಕೋ ಬೇಡವೋ ಅನ್ನುವುದನ್ನು ಸರ್ಕಾರವೂ ತೀರ್ಮಾನಿಸಬಾರದು, ಗಂಡನೊಬ್ಬನೇ ಕೂಡ ತೀರ್ಮಾನಿಸಬಾರದು.

ಈಗ ಕೂಲಿ ವಿಷಯ. ಹಳೆಯ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಒಂದೇ ಕೆಲಸಕ್ಕೆ, ಅಥವಾ ಅದೇ ಬಗೆಯ ಕೆಲಸಕ್ಕೆ, ಹೆಣ್ಣು ಗಂಡು ಅಂತ ಕೂಲಿಯಲ್ಲಿ ಭೇದ ಮಾಡುವಂತಿಲ್ಲ. ಮರ ಹತ್ತಿ ನೆರಳು ಕಪಾತು ಮಾಡುವವರಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರಿಗೆ, ಬೇರೆ ದರ ಕೊಟ್ಟರೆ ಅದು ಬೇರೆ ಮಾತು. ಆ ಕೆಲಸದ ಕಷ್ಟ, ಅಪಾಯ ಬೇರೆ. ಅದೇ ದರ ಹೆಂಗಸು ಹತ್ತಿದರೂ ಸಿಗಬೇಕು. ಆದರೆ ಕಳೆ ತೆಗೆಯುವುದು, ಗೊಬ್ಬರ ಹಾಕುವುದು, ಚಿಗುರು ತೆಗೆಯುವುದು? ಅಕ್ಕಪಕ್ಕದ ಸಾಲಿನಲ್ಲಿ ನಿಂತು ಮಾಡುವ ಕೆಲಸಕ್ಕೆ ಎರಡು ದರ ಹೇಗೆ ನ್ಯಾಯ? ‘ಗಂಡಸರು ಮೂಟೆ ಹೊರುತ್ತಾರಲ್ಲ’ ಅಂತ ಮಾಲೀಕರು ಹೇಳಬಹುದು. ಮೂಟೆ ಹೊತ್ತ ದಿನ ಹಾಗೆ ಹೇಳಲಿ, ಕಳೆ ತೆಗೆದ ದಿನ ಆ ಮಾತು ನಡೆಯುವುದಿಲ್ಲ. ಸಮ ಮಾಡುವ ನೆಪದಲ್ಲಿ ಗಂಡಸರ ಕೂಲಿ ಇಳಿಸುವಂತೆಯೂ ಇಲ್ಲ. ಇದನ್ನು ನಿಮ್ಮ ಜೊತೆ ಕೆಲಸ ಮಾಡುವ ಗಂಡಸರಿಗೂ ಹೇಳಿ, ಅವರೂ ನಿಮ್ಮ ಪರ ನಿಲ್ಲಬಹುದು.

ಸಹಿ ವಿಷಯಕ್ಕೆ ಉತ್ತರ ಚಿಕ್ಕದು: ಬೇಡ. ಸಂತಾನಹರಣ ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಸಾಕು. 18 ತುಂಬಿದ ಹೆಣ್ಣುಮಗಳ ಗರ್ಭಪಾತಕ್ಕೂ ಅಷ್ಟೇ, ಗಂಡನ ಸಹಿ ಬೇಕು ಅಂತ ಕಾನೂನಿನಲ್ಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ‘ಯಾವ ನಿಯಮ, ಬರೆದು ಕೊಡಿ’ ಅನ್ನಿ. ಮನೆಯಲ್ಲಿ ಒಪ್ಪುವ ಹಾಗಿದ್ದರೆ ಯಜಮಾನರ ಆಪರೇಷನ್ ಬಗ್ಗೆಯೂ ಆಶಾ ಕಾರ್ಯಕರ್ತೆಯನ್ನು ಕೇಳಿ. ಗಂಡಸರದ್ದು ಇನ್ನೂ ಸುಲಭ, ಹೊಟ್ಟೆ ಕೊಯ್ಯುವುದಿಲ್ಲ.

ಕೂಲಿಗೆ ಮಾತ್ರ ಒಬ್ಬರೇ ಹೋಗಬೇಡಿ. ಯಾವ ದಿನ ಯಾವ ಕೆಲಸ, ಎಷ್ಟು ಕೂಲಿ ಅಂತ ನಾಲ್ಕೈದು ಜನ ಸೇರಿ ಬರೆದಿಡಿ. ತೋಟದ ಲೆಕ್ಕ ಬರೆಯುವ ರೈಟರ್‌ನ ಹಾಜರಿ ಪುಸ್ತಕಕ್ಕೆ ಅದು ತಾಳೆಯಾಗಬೇಕು. ಆಮೇಲೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ, ಸಂಘ ಇದ್ದರೆ ಅದರ ಮೂಲಕವೇ ಕೊಡಿ. ಬಾಕಿ ಕೇಳಲು 3 ವರ್ಷದ ಅವಕಾಶವಿದೆ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಪುಕ್ಕಟೆ.